ಗಂಗಳದ ಬಂಡೆ

ಕೆಂಚನಗುಂಟೆಗೆ ಬಸ್ಸಲ್ಲಿ ಬರೋರು ಇಳಿಯೋಕೆ ಮುಂಚೆನೇ ಕೇಳ್ತಾರೆ, ಅಲ್ನೋಡಿ, ಗುಡ್ಡದ ಮೇಲೆ ಏನದು ಹೊಳೀತಿರೋದು, ಯಾರೋ ಕನ್ನಡಿ ಹಿಡ್ಕೊಂಡು ಆಟ ಆಡ್ತಿದಾರಾ ಅಂತ! ಕನ್ನಡಿ ಅಲ್ಲ ಕಣ್ರೀ, ಗಂಗಳ. ಊಟ ಮಾಡ್ತೀವಲ್ಲ, ಆ ಹಿತ್ತಾಳೆ ಗಂಗಳ. ಹತ್ತಿ ಹೋದ್ರೆ ಬೋಳು ಬಂಡೆ, ಅದರ ನೆತ್ತಿಯಲ್ಲಿ ಒಂದು ಸೀಳು, ಆ ಸೀಳಿಗೆ ಗಂಗಳ ಸಿಕ್ಕಿಸಿ ಸುತ್ತ ಕಲ್ಲಿನ ಚಕ್ಕೆ ಬಡಿದಿದಾರೆ. ಮರ ಇಲ್ಲ, ಗುಡಿ ಇಲ್ಲ, ಕೂರೋಕೆ ನೆರಳೂ ಇಲ್ಲ, ಬರೀ ಗಾಳಿ ಸದ್ದು. ಕೆಳಗೆ ಬಂಡೆ ಬುಡಕ್ಕೆ ಅಂಟಿಕೊಂಡ ಹಾಗೆ ಊರು, ಅದರಾಚೆ ನೀರಿಲ್ಲದ ಹಳ್ಳ, ಹಳ್ಳದಾಚೆ ಕಣ್ಣು ಹೋಗೋ ತನಕ ರಾಗಿ, ಹುರುಳಿ. ಬಿಸಿಲು ನೆತ್ತಿಗೆ ಬಂತೋ ಇಲ್ವೋ, ಗಂಗಳ ಪಳ್ ಅನ್ನತ್ತೆ! ಹೊಲದಲ್ಲಿ ಬಗ್ಗಿರೋರೆಲ್ಲ ಎದ್ದು ನಿಂತು, ಹೆಗಲ ಟವಲ್ ತೆಗೆದು ಬಂಡೆ ಕಡೆಗೊಂದ್ಸಲ ಬೀಸಿ, ಊಟಕ್ಕೆ ಹೊರಡ್ತಾರೆ. ಯಾಕೆ ಬೀಸ್ತೀರಾ ಅಂತ ಕೇಳಿ, ಅರ್ಧ ಜನ ನಕ್ಕುಬಿಡ್ತಾರೆ, ಅವರಿಗೇ ಗೊತ್ತಿರಲ್ಲ. ನನಗೆ ಗೊತ್ತು, ನಮ್ಮಜ್ಜಿ ಹೇಳಿದಾಳೆ, ಹೇಳ್ತೀನಿ ಕೇಳಿ.

ಹಿಂದೆ ಒಂದ್ಸಲ, ಇನ್ನೂ ಮಹಾರಾಜರ ಕಾಲ, ಸಮುದ್ರದಾಚೆ ಎಲ್ಲೋ ದೊಡ್ಡ ಯುದ್ಧ ಆಯ್ತಂತೆ. ನಮ್ಮೂರಿಂದ ಹೋದೋನು ಒಬ್ಬನೇ, ಜುಂಜಣ್ಣ. ಎಂಥಾ ತುಂಟ ಎತ್ತಾದ್ರೂ ಅವನು ಬೆನ್ನು ಸವರಿದ್ರೆ ಸುಮ್ಮನಾಗೋದಂತೆ, ಅದಕ್ಕೇ ತೋಪು ಎಳೆಯೋ ಹೇಸರಗತ್ತೆ ನೋಡ್ಕೊಳ್ಳೋಕೆ ಕರ್ಕೊಂಡು ಹೋದ್ರು ಅಂತಾರೆ. ಹೋದಾಗ ಮಗಳು ಗಿರಿಯಮ್ಮ ತೊಟ್ಟಿಲಲ್ಲಿದ್ಲು, ಬಂದಾಗ ಕುರಿಮರಿ ಅಟ್ಟಿಸಿಕೊಂಡು ಓಡಾಡ್ತಿದ್ಲು. ಬಾಗಿಲಲ್ಲಿ ಹೆಂಡ್ತಿ ಚಿತ್ತಮ್ಮ, ಚೆನ್ನಾಗಿದೀಯಾ, ಉಂಡ್ಯಾ, ಅಂತ ಏನೇನೋ ಕೇಳಿದ್ಲಂತೆ, ಇವನು ಸುಮ್ಮನೆ ನಗೋದು. ಇನ್ನೊಂದ್ಸಲ ಕೇಳಿದ್ಲು. ಆಗ ಗುಟ್ಟು ಹೇಳೋ ಹಾಗೆ ಸಣ್ಣ ದನಿಯಲ್ಲಿ ಅಂದನಂತೆ, "ಕೇಳಲ್ಲ ಕಣೇ. ತೋಪು ತಿಂದ್ಹಾಕ್ಬಿಡ್ತು." ತನ್ನ ದನಿ ತನಗೇ ಕೇಳ್ತಿರಲಿಲ್ಲ ನೋಡಿ, ಅದಕ್ಕೇ ಆಮೇಲೂ ಅಷ್ಟು ಸಣ್ಣಗೇ ಮಾತಾಡೋನು, ಆಡಿದ್ರೆ.

ಈಗ ಶುರು ಆಗೋದು ಅಸಲಿ ವಿಷಯ! ಎಲ್ಲರ ಮನೆಯಲ್ಲೂ ಹೆಂಗಸರು ಬುತ್ತಿ ಹೊಲಕ್ಕೇ ಒಯ್ಯೋರು. ಜುಂಜಣ್ಣ ಬೇಡ ಅಂದ. ಅಷ್ಟು ವರ್ಷ ಸಾಲಲ್ಲಿ ನಿಂತು, ಗುರುತಿಲ್ಲದವರ ಪಕ್ಕ ತಗಡಿನ ತಟ್ಟೇಲಿ ಉಂಡಿದೀನಿ, ಇನ್ನು ನನ್ನ ಮನೇಲಿ, ನನ್ನ ಗಂಗಳದಲ್ಲಿ, ಹೆಂಡ್ತಿ ಮಗಳ ಜೊತೆ ಕೂತೇ ಉಣ್ಣೋದು ಅಂತ ಹಟ. ಸರಿ, ಉಣ್ಣಲಿ, ಆದ್ರೆ ಕರಿಯೋದು ಹೇಗೆ? ಊರಿಗೆ ಊರೇ ನಿಂತು ಕೂಗಿದ್ರೂ ಅವನಿಗೆ ಕೇಳಲ್ಲ! ಯುದ್ಧ ನಡೆದ ಮರಳುಗಾಡಲ್ಲಿ ಸೈನ್ಯದೋರು ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ ಕನ್ನಡಿ ಬೆಳಕು ಬಿಟ್ಟು ಮಾತಾಡೋದನ್ನ ಇವನು ನೋಡಿದ್ದ. ಹೆಂಡ್ತೀನ ಬಂಡೆ ಮೇಲೆ ನಿಲ್ಲಿಸಿ, ಕೈಗೆ ತನ್ನ ಗಂಗಳ ಕೊಟ್ಟು, ಹಿಂಗೆ ಹಿಡಿ, ಹಿಂಗೆ ಓರೆ ಮಾಡು ಅಂತ ಕಲಿಸಿಬಿಟ್ಟ. ಅವತ್ತಿಂದ ದಿನಾ ಮಧ್ಯಾಹ್ನ ಚಿತ್ತಮ್ಮ ಗಂಗಳ ಹೊಳೆಸೋದು, ಹಳ್ಳದಾಚೆಯಿಂದ ಇವನು ಟವಲ್ ಬೀಸೋದು. ಹೊಳೆಸಿದ್ರೆ ಸಾಕಲ್ವಾ? ಊಹೂಂ, ಚಿತ್ತಮ್ಮ ಜೊತೆಗೆ ಕೂಗೋಳು ಬೇರೆ! "ಗಿರಿಯಮ್ಮನಪ್ಪಾ, ಬಂದು ಉಣ್ಣು, ಮುದ್ದೆ ಕಲ್ಲಾಗ್ತೈತೆ, ನಿಮ್ಮವ್ವ ಬೆಳಗ್ಗಿಂದ ನನ್ನ ಜೀವ ತಿಂತಾವ್ಳೆ!" ಅವನೊಬ್ಬನನ್ನ ಬಿಟ್ಟು ಊರಿಗೆಲ್ಲ ಕೇಳೋದು. ಅತ್ತೆ ಒಳಗಿಂದಲೇ "ಕೇಳಿಸ್ತು ಕಣೇ!" ಅನ್ನೋಳಂತೆ.

ಮೋಡ ಇದ್ದ ದಿನ? ಗಂಗಳ ಹೊಳೆಯಲ್ಲವಲ್ಲ! ಅವತ್ತು ಚಿತ್ತಮ್ಮನೇ ಹಳ್ಳ ದಾಟಿ ಹೋಗಬೇಕು, ಹಿಂದಿನಿಂದ ಹೋಗಿ ಹೆಗಲು ಮುಟ್ಟಬೇಕು. ಆಮೇಲೆ ಅವಳು ಮುಂದೆ, ಇವನು ಹಿಂದೆ, ಮನೆ ತನಕ. ಹೊತ್ತು ನೋಡಿಕೊಂಡು ನೀನೇ ಬರೋಕೇನು ದಾಡಿ ಅಂತ ಅಕ್ಕಪಕ್ಕದ ಹೊಲದೋರು ಕೈಸನ್ನೆ ಮಾಡಿ ರೇಗಿಸಿದ್ರೆ ಅಂದನಂತೆ, "ಹೊತ್ತು ಹೊಟ್ಟೆಗೇ ಗೊತ್ತಾಗತ್ತಪ್ಪ. ಕರಿಯೋರಿಲ್ಲದೆ ಹೋಗಿ ಉಂಡ್ರೆ ಅದು ಸಿಪಾಯಿ ಊಟ." ನಿಜ ಹೇಳಬೇಕು ಅಂದ್ರೆ ಮೋಡ ಕವಿದ ದಿನ ಅವನಿಗೆ ಒಳಗೊಳಗೇ ಖುಷಿ ಅಂತಾರೆ, ಬೆಳಗ್ಗಿಂದ ಆಕಾಶ ನೋಡ್ಕೊಂಡೇ ನೇಗಿಲು ಹೊಡೆಯೋನಂತೆ.

ಆಮೇಲೆ ಜ್ವರದ ವರ್ಷ ಬಂತು. ಜುಂಜಣ್ಣನ ಅವ್ವ ಹೋದ್ಲು, ಅವಳ ಹಿಂದೆಯೇ ಚಿತ್ತಮ್ಮನೂ ಹೋದ್ಲು. ಊರಲ್ಲಿ ಅಳೋ ಸದ್ದು ಎದ್ದಾಗ ಅವಳ ಪಕ್ಕ ಕೂತಿದ್ದ ಇವನೊಬ್ಬನಿಗೇ ಅದು ಕೇಳಿಸಲಿಲ್ಲ. ಕಾರ್ಯ ಎಲ್ಲ ಮುಗಿದು ಹೊಲಕ್ಕೆ ಹೋದ, ಮಧ್ಯಾಹ್ನ ಆಯ್ತು, ಎತ್ತು ಬಿಚ್ಚಿ ಬದುವಿನ ಮೇಲೆ ಕೂತು ಬಂಡೆ ನೋಡಿದ. ಬಿಸಿಲು ಹೊರಳಿತು, ಏಳಲೇ ಇಲ್ಲ. ಗಿರಿಯಮ್ಮ ಆಗ ಲಂಗ ಬಿಟ್ಟು ಸೀರೆ ಉಡೋಕೆ ಶುರು ಮಾಡಿದ ಹುಡುಗಿ. ಅವಳಿಗೆ ತಟ್ಟನೆ ಹೊಳೀತು, ಗಂಗಳ ತಗೊಂಡು ಬಂಡೆ ಹತ್ತಿದ್ಲು. ಅಮ್ಮ ನಿಧಾನಕ್ಕೆ ತಿರುಗಿಸೋಳು, ಇವಳದು ಗಡಿಬಿಡಿ ಕೈ, ಬೆಳಕು ಹೊಲದ ತುಂಬ ಕುಣೀತು. ಜುಂಜಣ್ಣ ತುಂಬ ಹೊತ್ತು ನೋಡಿದ, ಆಮೇಲೆ ಟವಲ್ ಬೀಸಿದ.

ಹಾಗೇ ನಡೀತು. ನಡೀತಿತ್ತು, ಆದ್ರೆ ಗುಡ್ಡದಾಚೆ ಊರಿಂದ ಗಂಡು ಬಂತು, ಒಳ್ಳೆ ಮನೆ, ಒಳ್ಳೆ ಹುಡುಗ. ಗಿರಿಯಮ್ಮ ಒಲ್ಲೆ ಅಂತ ಕೂತುಬಿಟ್ಲು! "ನಾ ಹೋದ್ರೆ ನಿನ್ನ ಕರಿಯೋರು ಯಾರಪ್ಪಯ್ಯ?" ಅವನಿಗೆ ಕೇಳಲ್ಲ ಅಂತ ತನ್ನೆದೆ ಮುಟ್ಟಿ, ಗಂಗಳ ತೋರಿಸಿ, ಬಂಡೆ ತೋರಿಸಿ ಕೇಳಿದ್ಲು. ಮಾರನೇ ದಿನ ಜುಂಜಣ್ಣ ಗಂಗಳ ಕಂಕುಳಲ್ಲಿ ಇಟ್ಟುಕೊಂಡು ಬಂಡೆ ಹತ್ತಿದ, ಸೀಳಿಗೆ ಸಿಕ್ಕಿಸಿದ, ಚಕ್ಕೆ ಬಡಿದ, ಕೆಳಗಿಳಿದು ಹೊಲಕ್ಕೆ ಹೋಗಿ ನೋಡಿದ, ಮತ್ತೆ ಹತ್ತಿ ಓರೆ ಸರಿ ಮಾಡಿದ. ಬಿಸಿಲು ನೆತ್ತಿಗೆ ಬಂದಾಗ ತನ್ನಷ್ಟಕ್ಕೆ ಬೆಳಕು ಅವನ ಹೊಲಕ್ಕೇ ಬಿತ್ತು. ಮಗಳ ಕೈ ಹಿಡಿದು ಕರ್ಕೊಂಡು ಹೋಗಿ ತೋರಿಸಿದ. "ನೋಡವ್ವ, ಇನ್ನು ಸೂರ್ಯನೇ ಕರೀತಾನೆ. ನೀ ಹೋಗು."

ಹೋದ್ಲು. ಅವನು ಬೆಳಗ್ಗೆ ತಾನೇ ಮುದ್ದೆ ತೊಳಸಿಟ್ಟು ಹೊಲಕ್ಕೆ ಹೋಗೋನು, ಗಂಗಳ ಹೊಳೆದಾಗ ಟವಲ್ ಬೀಸೋನು, ಖಾಲಿ ಮನೆಗೆ ಬಂದು ಎಲೆ ಹಾಕ್ಕೊಂಡು ಉಣ್ಣೋನು. ಗಂಗಳ ಬಂಡೆ ಮೇಲಿತ್ತಲ್ಲ! ಕಾಲ ತಿರುಗಿ ಬಿಸಿಲು ಓರೆ ಆದಾಗೆಲ್ಲ ಹತ್ತಿ ಚಕ್ಕೆ ಬದಲಾಯಿಸೋನು. ಹಂಗೂ ಹಿಂಗೂ ಒಂದು ಬೇಸಿಗೆ ಕಳೀತು. ಆಮೇಲೆ ಮುಂಗಾರಿನ ಮೋಡ ಮುಚ್ಚಿಕೊಳ್ತು ನೋಡಿ.

ಗುಡ್ಡದಾಚೆ ಅತ್ತೆ ಮನೆ ಅಂಗಳದಲ್ಲಿ ಗಿರಿಯಮ್ಮ ರಾಗಿ ಕೇರ್ತಿದ್ಲು. ತಲೆ ಎತ್ತಿ ನೋಡ್ತಾಳೆ, ಬಿಸಿಲೇ ಇಲ್ಲ. ಮೊರ ಅಲ್ಲೇ ಬಿಟ್ಟಳು! ಎಲ್ಲಿಗೇ ಅಂತ ಅತ್ತೆ ಕೂಗಿದ್ರೆ "ಅಪ್ಪಯ್ಯ ಉಂಡಿಲ್ಲ" ಅಂತ ಅಷ್ಟೇ. ಗುಡ್ಡ ಹತ್ತಿ, ಇಳಿದು, ಹಳ್ಳ ದಾಟಿ ಓಡಿ ಬಂದ್ಲು. ಅವನು ಬದುವಿನ ಮೇಲೆ ಕೈ ತೊಳ್ಕೊಂಡು, ಬೆನ್ನು ಹಾಕಿ ಕೂತಿದ್ದ, ಎಷ್ಟು ಹೊತ್ತಿಂದಲೋ. ಹೋಗಿ ಹೆಗಲು ಮುಟ್ಟಿದ್ಲು. ತಿರುಗಲಿಲ್ಲ. "ಮೋಡ ಆಯ್ತಲ್ಲ ಚಿತ್ತಮ್ಮ, ನೀನೇ ಬರಬೇಕಾಯ್ತು ನೋಡು" ಅಂದ, ಅದೇ ಸಣ್ಣ ದನಿಯಲ್ಲಿ. ಗಿರಿಯಮ್ಮ ಎದುರಿಗೆ ಬಂದು ಮುಖ ತೋರಿಸಬೇಕಾ, ಬೇಡವಾ? ತೋರಿಸಲಿಲ್ಲ. ಸೆರಗು ಎಳ್ಕೊಂಡು ಮುಂದೆ ನಡೆದ್ಲು, ಅವನು ಹಿಂದೆ. ಹಳ್ಳ ದಾಟಿದ್ರು, ಊರು ಬಂತು, ಯಾರೂ ಮಾತಾಡಿಸಲಿಲ್ಲ ಅಂತಾರೆ. ಹೊಸ್ತಿಲ ಹತ್ತಿರ ಬಂದ ಮೇಲೆ ಅವನೇ ಅಂದ, "ಹಳ್ಳ ದಾಟೋವಾಗಲೇ ಗೊತ್ತಾಯ್ತು ಗಿರಿಯಮ್ಮ, ನೀನು ಅಂತ. ಆದ್ರೂ ಮನೆ ಬರೋ ತನಕ ನಿಮ್ಮವ್ವನ ಹಿಂದೇನೇ ನಡ್ಕೊಂಡು ಬಂದೆ ಕಣವ್ವ."

ಅವನು ಹೋಗಿ ಎಷ್ಟೋ ಕಾಲ ಆಯ್ತು. ಗಂಗಳ ಎಷ್ಟು ಸಲ ಸವೆದು ಬದಲಾಯಿಸಿದಾರೋ ಗೊತ್ತಿಲ್ಲ, ಬಿಸಿಲು ಓರೆ ಆದಾಗ ಚಕ್ಕೆ ಬದಲಾಯಿಸೋದು ಮಾತ್ರ ನಮ್ಮೂರಲ್ಲಿ ಯಾರೂ ತಪ್ಪಿಸಲ್ಲ. ಬಿಸಿಲಿದ್ದ ದಿನ ಬಂದ್ರೆ ಗಂಗಳ ಹೊಳೆಯೋದು, ಟವಲ್ ಬೀಸೋದು ನೋಡ್ತೀರ. ಮೋಡದ ದಿನ ಬಂದ್ರೆ ಬಂಡೆ ಮೇಲೆ ನೋಡೋಕೇನೂ ಇರಲ್ಲ, ಆದ್ರೆ ಕೆಳಗೆ ನೋಡಿ. ಊರಿಂದ ಯಾರೋ ಒಬ್ಬರು ಹಳ್ಳ ದಾಟಿ ಹೋಗ್ತಾರೆ, ಹೊಲದಲ್ಲಿ ಒಂಟಿಯಾಗಿರೋರ ಹೆಗಲು ಹಿಂದಿನಿಂದ ಮುಟ್ತಾರೆ. ಮುಟ್ಟಿಸಿಕೊಂಡೋರು ಮುಟ್ಟಿದೋರ ಮುಖ ನೋಡೋ ಹಾಗಿಲ್ಲ. ಒಬ್ಬರು ಮುಂದೆ, ಒಬ್ಬರು ಹಿಂದೆ ಸುಮ್ಮನೆ ನಡ್ಕೊಂಡು ಬರ್ತಾರೆ. ಆಗ ಮೇಲಿಂದ ಕೂಗಬೇಡಿ. ಹಿಂದೆ ಬರೋರು ಮನಸ್ಸಲ್ಲಿ ಯಾರ ಹಿಂದೆ ನಡೀತಿದಾರೋ, ಮನೆ ಬರೋ ತನಕ ಅವರ ಹಿಂದೇನೇ ನಡೀಲಿ.