ಬ್ಯಾಗು ಹಿಡಿದು ಓಡಿದ ಬೆಳ್ಯಪ್ಪ

ಹಾಗೆ ಗುರಾಯಿಸಬೇಡಿ ಮಾರಾಯ್ರೆ. ನಿಮ್ಮ ಬ್ಯಾಗು ಎಲ್ಲಿಗೂ ಹೋಗುವುದಿಲ್ಲ. ನನ್ನ ಜೀಪಿನಿಂದ ಇಳಿಸಿಕೊಂಡು ಹೋದನಲ್ಲ ಆ ನೀಲಿ ಅಂಗಿಯವ, ಅಗೋ, ಅಂಗಳದ ಮೂಲೆಯಲ್ಲಿ ಕಂಕುಳಲ್ಲಿ ಒತ್ತಿಕೊಂಡೇ ನಿಂತಿದ್ದಾನೆ. ಅಬ್ಬಿಗೆ, ಅದೇ ನೀವು ನೋಡಲಿಕ್ಕೆ ಬಂದ ಜಲಪಾತಕ್ಕೆ, ಇಳಿಯಲಿಕ್ಕೆ ಇನ್ನೂ ಹೊತ್ತುಂಟು. ಪೂವಕ್ಕ ಆ ಮೂಲೆಯ ಒಲೆಯಲ್ಲೇ ಚಾಕ್ಕೆ ನೀರಿಟ್ಟದ್ದು ಈಗಷ್ಟೆ. ಅದು ಕುದಿಯುವಷ್ಟರಲ್ಲಿ ಒಂದು ಕತೆ ಹೇಳ್ತೇನೆ, ಹತ್ತಿರ ಬನ್ನಿ. ಪೂವಕ್ಕನಿಗೆ ಕೇಳಿಸಬಾರದು. ಕೇಳಿಸಿತೋ, ಇವತ್ತು ನನಗೆ ಚಾ ಇಲ್ಲ.

ಈ ಪೂವಕ್ಕನಿಗೆ ಒಬ್ಬನೇ ಮಗ, ಬೆಳ್ಯಪ್ಪ ಅಂತ. ಆಳು ಬಾಗಿಲು ತುಂಬ ಇದ್ದಾನೆ. ದೇವರು ಅವನ ಮೈಗೆ ಧಾರಾಳ ಕೊಟ್ಟು, ತಲೆಗೆ ಬರುವಾಗ ಕೈ ಬಿಗಿ ಮಾಡಿದ. ಹೇಳಿದ್ದನ್ನು ಹೇಳಿದ ಹಾಗೆಯೇ ಮಾಡುವವ, ಎಳ್ಳಷ್ಟೂ ಆಚೀಚೆ ಇಲ್ಲ. ಒಂದು ಸಲ ಕೋಳಿಗೂಡಿನ ಬಾಗಿಲು ನೋಡಿಕೊ ಅಂತ ಹೇಳಿ ಪೂವಕ್ಕ ಸಂತೆಗೆ ಹೋಗಿದ್ದಳು. ಬಂದು ನೋಡಿದರೆ ಮಗ ಬಾಗಿಲನ್ನೇ ನೋಡುತ್ತ ಕೂತಿದ್ದಾನೆ. ಕೋಳಿಗಳೆಲ್ಲ ಅದೇ ಬಾಗಿಲಿನಿಂದ, ಅವನ ಕಣ್ಣೆದುರೇ, ಒಂದರ ಹಿಂದೆ ಒಂದು ಹೊರಟು ಹೋಗಿವೆ.

ಪೂವಕ್ಕನೋ, ಲೋಕದಲ್ಲಿ ಒಬ್ಬರನ್ನೂ ನಂಬದ ಹೆಂಗಸು. ಅವಳು ಅಡಿಗೆ ಮಾಡುವುದು ಇಲ್ಲೇ, ಮೇದಪ್ಪಣ್ಣನ ಈ ಹೋಮ್‌ಸ್ಟೇಯಲ್ಲಿ. ಮೇದಪ್ಪಣ್ಣ ನಕ್ಕರೆ ಯಾಕೆ ನಕ್ಕರು ಅಂತ ಸಂಶಯ, ನಗದಿದ್ದರೆ ಒಳಗೆ ಎಂತ ಇಟ್ಟುಕೊಂಡಿದ್ದಾರೆ ಅಂತ ಸಂಶಯ. ಬಂದ ನೆಂಟರು ಊಟ ಚೆನ್ನಾಗಿದೆ ಅಂದರೂ ಚಮಚ ಎಣಿಸುವವಳು ಅವಳು.

ಅಬ್ಬಿಗೆ ಜನರನ್ನು ಕರೆದುಕೊಂಡು ಹೋಗುತ್ತಿದ್ದ ಹಳೆಯ ಗೈಡು ಮೊಣಕಾಲು ನೋವು ಅಂತ ಕೆಲಸ ಬಿಟ್ಟ. ದಸರಾ ರಜೆ ಹತ್ತಿರ ಬಂದಿತ್ತು. ಪೂವಕ್ಕ ಧಣಿಯ ಎದುರು ಹೋಗಿ ನಿಂತಳು. ನನ್ನ ಮಗನಿಗೆ ದಾರಿ ಗೊತ್ತುಂಟು, ಈಜು ಗೊತ್ತುಂಟು, ಅವನನ್ನು ಇಟ್ಟುಕೊಳ್ಳಿ ಅಂದಳು. ಮೇದಪ್ಪಣ್ಣ ತಲೆ ಕೆರೆದುಕೊಂಡರು. ಆ ಕೆಲಸವನ್ನು ಹೆಂಡತಿಯ ತಮ್ಮನಿಗೆ ಕೊಡಬೇಕು ಅಂತ ಅವರ ಮನೆಯಲ್ಲಿ ಆಗಲೇ ಮಾತಾಗಿತ್ತು.

"ನಾನಿರುವವರೆಗೆ ಹೇಗೋ ಆಗುತ್ತದೆ ಮೇದಪ್ಪಣ್ಣ," ಅಂದಳು ಪೂವಕ್ಕ. "ನಾನು ಹೋದ ಮೇಲೆ ಇವನಿಗೆ ಒಂದು ತುತ್ತು ಅನ್ನ ಹಾಕುವವರು ಯಾರು?"

ಮೇದಪ್ಪಣ್ಣನ ಮನಸ್ಸು ಕರಗಿತು. ಪೂವಕ್ಕನ ಕೈಯ ಕಡುಬು ಬಿಟ್ಟು ಬದುಕುವ ಧೈರ್ಯವೂ ಅವರಿಗಿರಲಿಲ್ಲ. ರಜೆ ಮುಗಿಯುವವರೆಗೆ ನೋಡುವ, ಸರಿಯಾದರೆ ಕೆಲಸ ಇವನಿಗೇ, ಬಂದವರು ದೂರು ಹೇಳಿದರೆ ಭಾವಮೈದ ಬರುತ್ತಾನೆ ಅಂದರು.

ಮೊದಲ ತಂಡ ಹೊರಟಿತು. ಮೇದಪ್ಪಣ್ಣ ಬೆಳ್ಯಪ್ಪನನ್ನು ಕರೆದು, ಬಂದವರ ಮೇಲಿಂದ ಕಣ್ಣು ತೆಗೆಯಬೇಡ ಅಂತ ಹೇಳಿದರು. ಬೆಳ್ಯಪ್ಪ ಹೂಂ ಅಂದ. ಅವನು ಹೂಂ ಅಂದರೆ ಹೆದರಬೇಕು. ನಮಗೆ ಆಗ ಗೊತ್ತಿರಲಿಲ್ಲ.

ಕಣ್ಣು ತೆಗೆಯಲಿಲ್ಲ ಪುಣ್ಯಾತ್ಮ. ದಾರಿಯುದ್ದಕ್ಕೂ ಹಿಂದೆ ಹಿಂದೆ ನಡೆದು ದುರುಗುಟ್ಟಿ ನೋಡಿದ. ಇವನು ಯಾಕೆ ಹೀಗೆ ನೋಡ್ತಾನೆ ಅಂತ ಅವರಿಗೆ ಆಗಲೇ ಒಳಗೊಳಗೆ ಭಯ. ಅಬ್ಬಿಯ ಹತ್ತಿರ ಹೆಂಗಸರು ಬಟ್ಟೆ ಬದಲಿಸಲಿಕ್ಕೆ ಬಂಡೆಯ ಹಿಂದೆ ಹೋದರು. ಟವೆಲು ಬಿಡಿಸಿದ್ದಾರಷ್ಟೆ, ತಲೆ ಎತ್ತಿದರೆ ಬಂಡೆಯ ಮೇಲೆ ಬೆಳ್ಯಪ್ಪ ಬಗ್ಗಿ ಕೂತಿದ್ದಾನೆ. ಕೊಡೆಯಲ್ಲಿ ಬಡಿದರು, ಚಪ್ಪಲಿಯಲ್ಲಿ ಬಡಿದರು. ಪೆಟ್ಟು ಬಿದ್ದರೂ ರೆಪ್ಪೆ ಮುಚ್ಚಲಿಲ್ಲ ಅವನು.

ಪೂವಕ್ಕ ಹಣೆ ಹಣೆ ಚಚ್ಚಿಕೊಂಡಳು. ಪೇಟೆಯವರು ಏನಾದರೂ ನೆವ ಸಿಗಲಿ ಅಂತಲೇ ಕಾಯುವವರು ಮಗಾ ಅಂದಳು. ಇನ್ನು ಮೇಲೆ ಅವರು ನೀರಿನ ಹತ್ತಿರ ಹೋದರೆ ಬೆನ್ನು ಹಾಕಿ ನಿಲ್ಲು, ನಿನ್ನ ಹೆಸರು ಹಿಡಿದು ಕರೆಯುವವರೆಗೆ ತಿರುಗಬೇಡ ಅಂತ ಬುದ್ಧಿ ಹೇಳಿದಳು. ಧಣಿಯ ಕೈಕಾಲು ಹಿಡಿದು ಇನ್ನೊಂದು ಅವಕಾಶ ಕೇಳಿದಳು. ಬೆಳ್ಯಪ್ಪ ಹೂಂ ಅಂದ.

ಮುಂದಿನ ತಂಡ ಮೈಸೂರು ಕಡೆಯದು. ಅವರು ನೀರಿಗೆ ಇಳಿದದ್ದೇ ತಡ, ಇವನು ಕಾಡಿಗೆ ಮುಖ ಮಾಡಿ ಕಂಬ ನಿಂತ ಹಾಗೆ ನಿಂತ. ಅವರಿಗೆ ಸಂಶಯ ಬಾರದೆ ಇರುತ್ತದಾ? ಕಾಡಿನೊಳಗೆ ಯಾರನ್ನೋ ಕಾಯ್ತಿದ್ದಾನೆ, ಸನ್ನೆ ಮಾಡ್ತಾನೆ ನೋಡು ಅಂತ ಪಿಸುಪಿಸು ಶುರುವಾಯಿತು. ಅಷ್ಟರಲ್ಲಿ ಅವರ ಅಜ್ಜ ಪಾಚಿಯಲ್ಲಿ ಕಾಲು ಜಾರಿ ಗುಂಡಿಗೆ ಬಿದ್ದರು. ಗೈಡ್ ಅಂತ ಕರೆದರು, ಏ ಅಣ್ಣ ಅಂತ ಕರೆದರು, ಓ ಸ್ವಾಮಿ ಅಂತಲೂ ಕರೆದರು. ಬೆಳ್ಯಪ್ಪ ತಿರುಗಲಿಲ್ಲ. ಕೊನೆಗೆ ಅಳಿಯನೇ ಹಾರಿ ಅಜ್ಜನನ್ನು ಎಳೆದು ಹಾಕಿದ. ಅಜ್ಜ ಕೆಮ್ಮಿ ಕೆಮ್ಮಿ ನೀರು ಕಕ್ಕಿ, ನಿನಗೆ ಕಿವಿ ಕೇಳುವುದಿಲ್ಲವಾ ಅಂತ ಕೇಳಿದರೆ, ಇವನು ಆಚೆ ನೋಡಿಕೊಂಡೇ ವಿನಯದಿಂದ ಹೇಳಿದ.

"ನನ್ನ ಹೆಸರು ಬೆಳ್ಯಪ್ಪ."

ಈ ಸಲ ಮೇದಪ್ಪಣ್ಣ ಕುಣಿದಾಡಿಬಿಟ್ಟರು. ತಲೆ ನೀರೊಳಗೆ ಹೋದದ್ದು ಕಂಡರೆ ಕೇಳಲಿಕ್ಕೆ ನಿಲ್ಲಬೇಡ, ಕೂದಲೋ ಕಾಲೋ ಸಿಕ್ಕಿದ್ದು ಹಿಡಿದು ಎಳೆ ಅಂದರು. ಬೇಕಂತಲೇ ಇವನ ತಲೆ ಕೆಡಿಸಿ ಭಾವಮೈದನನ್ನು ತರುವ ಹುನ್ನಾರ ಇದು ಅಂತ ಪೂವಕ್ಕ ಒಲೆ ಮುಂದೆ ಗೊಣಗಿದಳು. ಬೆಳ್ಯಪ್ಪ ಹೂಂ ಅಂದ.

ಆಮೇಲೆ ಬಂದದ್ದು ಹೊಸತಾಗಿ ಮದುವೆಯಾದ ಜೋಡಿ. ಹುಡುಗನಿಗೆ ಹೆಂಡತಿಯ ಎದುರು ಈಜು ತೋರಿಸುವ ಉಮೇದು. ಬಂಡೆ ಹತ್ತಿ ಗುಂಡಿಗೆ ಧುಮುಕಿದ. ತಲೆ ನೀರೊಳಗೆ ಹೋಯಿತು. ಬೆಳ್ಯಪ್ಪ ನಿಲ್ಲುತ್ತಾನಾ? ಹಿಂದೆಯೇ ಹಾರಿದ, ಕೂದಲು ಹಿಡಿದ, ಎಳೆದ. ಕೂದಲು ಬಂತು, ಆಳು ಬರಲಿಲ್ಲ. ಇವನು ಅದನ್ನು ಎತ್ತಿ ಹಿಡಿದು, ದಡದಲ್ಲಿದ್ದ ಹುಡುಗಿಗೆ ಕೂಗಿ ಹೇಳಿದ, "ಅಕ್ಕಾ, ತಲೆ ಸಿಕ್ಕಿತು. ಉಳಿದದ್ದು ಒಳಗೆ ಉಂಟು."

ಉಳಿದದ್ದು ಮೇಲೆ ಬಂತು, ಬೋಳಾಗಿ. ಟೋಪನ್ನಿನ ಸಂಗತಿ ಆ ಹುಡುಗಿಗೆ ಗೊತ್ತೇ ಇರಲಿಲ್ಲ. ಗುಡ್ಡ ಹತ್ತಿ ವಾಪಸು ಬರುವವರೆಗೂ ವಿಚಾರಣೆ ನಡೆಯಿತು. ವಯಸ್ಸು ಹೇಳಿದ್ದು ನಿಜವಾ, ಸಂಬಳ ಹೇಳಿದ್ದು ನಿಜವಾ, ಹಲ್ಲು ನಿಮ್ಮದೇ ತಾನೇ. ಹುಡುಗ ಆ ಸಿಟ್ಟನ್ನೆಲ್ಲ ಬೆಳ್ಯಪ್ಪನ ಮೇಲೆ ತೀರಿಸಿಕೊಂಡ. ಫೋನೂ ಕಾಣ್ತಿಲ್ಲ, ಇವನೇ ಕದ್ದದ್ದು ಅಂದ. ಫೋನು ಅವನದೇ ಬೂಟಿನೊಳಗೆ ಇತ್ತು.

ಮೇದಪ್ಪಣ್ಣ ಆವತ್ತೇ ಭಾವಮೈದನಿಗೆ ಫೋನು ಮಾಡಿದರು. ನಾಳೆ ಸಂಜೆ ಬಾ ಅಂದರು. ಪೂವಕ್ಕ ಅತ್ತಳು. ಅದು ಅವರಿಂದ ನೋಡಲಿಕ್ಕೆ ಆಗಲಿಲ್ಲ. ಆಯ್ತು, ನಾಳೆ ಒಂದು ದಿನ ಇವನೇ ಹೋಗಲಿ, ಅದೇ ಕೊನೆ ಅಂದರು. ನೀರಿನಲ್ಲಿ ಎಂತ ಕಂಡರೂ ಕೈ ಹಾಕಬೇಡ, ನಾಲ್ಕು ಜನರ ಎದುರು ಬಾಯಿ ಬಿಡಬೇಡ, ಸೀದಾ ಬಂದು ನನ್ನ ಕಿವಿಯಲ್ಲಿ ಹೇಳು ಅಂತ ಹೇಳಿಕೊಟ್ಟರು. ಪೂವಕ್ಕ ಮಗನನ್ನು ಅಡಿಗೆಮನೆಗೆ ಕರೆದು ತನ್ನದೂ ಒಂದು ಸೇರಿಸಿದಳು. ಅವರ ಬ್ಯಾಗುಗಳನ್ನೆಲ್ಲ ಕಂಕುಳಲ್ಲಿ ಇಟ್ಟುಕೊ, ಪ್ರಾಣ ಹೋದರೂ ಕೆಳಗಿಡಬೇಡ, ಇವರು ತಾವೇ ಕಳೆದುಕೊಂಡು ನಮ್ಮ ತಲೆಗೆ ಕಟ್ಟುವ ಜನ ಅಂದಳು.

ಬೆಳ್ಯಪ್ಪ ಎರಡಕ್ಕೂ ಹೂಂ ಅಂದ.

ಮರುದಿನ ಬಂದದ್ದು ಒಂದು ದೊಡ್ಡ ಕುಟುಂಬ, ಮಕ್ಕಳು ಮರಿ ಎಲ್ಲ ಸೇರಿ. ಅವರಿಗೆಲ್ಲ ಹಿರಿಯಕ್ಕ ಅನಸೂಯಾ ಮೇಡಂ. ಬಸ್ಸಿನಲ್ಲಿ ಟಿಕೆಟು ತಪಾಸಣೆ ಮಾಡಿ ನಿವೃತ್ತಿಯಾದವರು. ಆಯುಷ್ಯವಿಡೀ ಸಂಶಯ ಪಟ್ಟೇ ಸಂಬಳ ತಿಂದವರು. ಪೂವಕ್ಕನೂ ಅವರೂ ಅಂಗಳದಲ್ಲಿ ಎದುರುಬದುರಾದಾಗ ಇಬ್ಬರೂ ಒಬ್ಬರನ್ನೊಬ್ಬರು ಮೇಲಿನಿಂದ ಕೆಳಗೆ ನೋಡಿದರು ನೋಡಿ, ನಾನು ಜೀಪಿನ ಮರೆಗೆ ಹೋಗಿ ನಿಂತೆ.

ಅಬ್ಬಿಯ ಹತ್ತಿರ ಹಿತವಾದ ಬಿಸಿಲು. ಎಲ್ಲರೂ ನೀರಿಗಿಳಿದರು. ಬ್ಯಾಗು ಯಾಕೆ ಕೆಳಗಿಡುವುದಿಲ್ಲ ನೀನು ಅಂತ ಅನಸೂಯಾ ಮೇಡಂ ಎರಡು ಸಲ ಕೇಳಿದರು. ಅವ್ವ ಹೇಳಿದ್ದಾಳೆ ಅಂದ ಇವನು. ಕಳ್ಳರ ಅವ್ವಂದಿರು ಹಾಗೆಯೇ ಹೇಳುವುದು ಅಂತ ಮೇಡಂ ಮನಸ್ಸಿನಲ್ಲೇ ಲೆಕ್ಕ ಹಾಕಿದರು. ಕುತ್ತಿಗೆಯವರೆಗೆ ನೀರಿನಲ್ಲಿದ್ದರೂ ಅವರ ಕಣ್ಣು ಬ್ಯಾಗಿನ ಮೇಲೆ.

ಕೆಳಗೆ ಬಿಸಿಲು, ಆದರೆ ಮೇಲೆ ಗುಡ್ಡದ ತಲೆಯಲ್ಲಿ ಮೋಡ ಕಟ್ಟಿ ಮಳೆ ಹೊಯ್ಯುತ್ತಿತ್ತು. ಅದು ಕೆಳಗಿದ್ದವರಿಗೆ ಹೇಗೆ ಗೊತ್ತಾಗಬೇಕು? ಅಬ್ಬಿಯ ಬೆಳ್ಳಗಿನ ನೀರಿನಲ್ಲಿ ಒಂದು ಕೆಂಪು ಗೆರೆ ಇಳಿಯಿತು. ಹಿಂದೆಯೇ ಎಲೆ, ಕಡ್ಡಿ, ಕಸ. ಬೆಳ್ಯಪ್ಪ ನೋಡಿದ. ಕೈ ಹಾಕಲಿಲ್ಲ. ಬಾಯಿ ಬಿಡಲಿಲ್ಲ. ಮೆಲ್ಲ ತಿರುಗಿದ, ಬ್ಯಾಗುಗಳನ್ನು ಕಂಕುಳಿಗೆ ಒತ್ತಿಕೊಂಡ, ಗುಡ್ಡ ಹತ್ತಿ ಓಡಿದ.

"ಕಳ್ಳ, ಕಳ್ಳ," ಅಂತ ಕೂಗಿಕೊಂಡು ಅನಸೂಯಾ ಮೇಡಂ ನೀರಿನಿಂದ ಎದ್ದರು. ಗಂಡಸರೆಲ್ಲ ಬೆನ್ನಟ್ಟಿದರು. ಹೆಂಗಸರು, ಮಕ್ಕಳು ಇಲ್ಲೇ ಇರಲಿ ಅಂತ ಯಾರೋ ಹೇಳಿದರೆ ಮೇಡಂ ಕೇಳಲಿಲ್ಲ. ಇವನ ಕಡೆಯವರು ಕಾಡಿನಲ್ಲಿ ಅಡಗಿದ್ದರೆ ಎಂತ ಮಾಡ್ತೀರಿ, ಒಬ್ಬರೂ ಇಲ್ಲಿ ನಿಲ್ಲಬೇಡಿ, ಮಗುವನ್ನು ಎತ್ತಿಕೊಳ್ಳಿ, ನಡೆಯಿರಿ ಅಂದರು. ನೀರಿನಲ್ಲಿ ಒಂದು ನರಪಿಳ್ಳೆಯೂ ಉಳಿಯಲಿಲ್ಲ.

ನಾನು ಇದೇ ಅಂಗಳದಲ್ಲಿ ಜೀಪು ಒರೆಸುತ್ತಿದ್ದೆ. ಮುಂದೆ ಬೆಳ್ಯಪ್ಪ, ಹಿಂದೆ ಒದ್ದೆ ಬಟ್ಟೆಯ ಮೆರವಣಿಗೆ, ಕಳ್ಳ ಕಳ್ಳ ಅಂತ ಬೊಬ್ಬೆ. ಪೂವಕ್ಕ ಹೊರಗೆ ಬಂದಳು. ಮಗನ ಕಂಕುಳಲ್ಲಿ ಬ್ಯಾಗು ಕಂಡಳು. ಅವಳ ಮುಖ ಆವತ್ತು ಹೇಗಾಯಿತು ಅಂತ ನನಗೆ ಹೇಳಲಿಕ್ಕೆ ಬರುವುದಿಲ್ಲ. ಕೈಯಲ್ಲಿದ್ದ ಸೌದೆಯಿಂದ ಮಗನ ಹೆಗಲಿಗೆ ಒಂದು ಬಾರಿಸಿಯೇ ಬಿಟ್ಟಳು.

"ಪೆದ್ದನ ತಾಯಿ ಅಂದರು, ಸಹಿಸಿದೆ," ಅಂದಳು. "ಕಳ್ಳನ ತಾಯಿ ಅಂತಲೂ ಹೇಳಿಸಿದೆಯಾ ಮಗಾ?"

ಬೆಳ್ಯಪ್ಪ ಉತ್ತರ ಕೊಡಲಿಲ್ಲ. ನಾಲ್ಕು ಜನರ ಎದುರು ಬಾಯಿ ಬಿಡಬಾರದಲ್ಲ. ಹೆಗಲು ಉಜ್ಜಿಕೊಂಡು ಸೀದಾ ಮೇದಪ್ಪಣ್ಣನ ಹತ್ತಿರ ಹೋಗಿ, ಕಿವಿಗೆ ಬಾಯಿಟ್ಟು ಹೇಳಿದ.

"ಮೇದಪ್ಪಣ್ಣ, ನೀರು ಕೆಂಪಾಗಿದೆ. ಎಲೆ, ಕಡ್ಡಿ ಎಲ್ಲ ತೇಲಿ ಬರ್ತಾ ಉಂಟು."

ಮೇದಪ್ಪಣ್ಣನ ಮುಖ ಬಿಳುಚಿಕೊಂಡಿತು. ಎಲ್ಲರೂ ಬಂದಿರಾ, ಎಲ್ಲರೂ ಬಂದಿರಾ ಅಂತ ಕೇಳುವಷ್ಟರಲ್ಲಿ ಕೆಳಗಿನಿಂದ ಸದ್ದು ಬಂತು. ಗುಡ್ಡವೇ ಕಿತ್ತು ಬಂದ ಹಾಗೆ. ನಾವು ಹೋಗಿ ನೋಡಿದಾಗ ಗುಂಡಿ ಇಲ್ಲ, ಅವರು ಬಟ್ಟೆ ಇಟ್ಟ ಬಂಡೆ ಇಲ್ಲ, ಬರೀ ಕೆಂಪು ನೀರು ಮರ ಉರುಳಿಸಿಕೊಂಡು ಹೋಗುತ್ತಿತ್ತು. ಅನಸೂಯಾ ಮೇಡಂ ಅಲ್ಲೇ ಕುಸಿದು ಕೂತರು. ಆಮೇಲೆ ಎದ್ದು ಬಂದು ಬೆಳ್ಯಪ್ಪನ ತಲೆ ಸವರಿದರು. ಬ್ಯಾಗಿನಲ್ಲಿ ಎಲ್ಲ ಸರಿ ಉಂಟಾ ಅಂತ ಒಮ್ಮೆ ನೋಡಿಯೇ ಸವರಿದರು ಅನ್ನಿ.

ಪೂವಕ್ಕ ಮಗನ ಹೆಗಲಿಗೆ ಎಣ್ಣೆ ಹಚ್ಚುತ್ತ ಅತ್ತದ್ದು ಅಷ್ಟಿಷ್ಟಲ್ಲ. ಊರಿನವರ ಮೇಲೆಲ್ಲ ಸಂಶಯ ಪಟ್ಟದ್ದು ಸಾಲದೆ ಹೊಟ್ಟೆಯಲ್ಲಿ ಹುಟ್ಟಿದವನ ಮೇಲೂ ಪಟ್ಟೆನಲ್ಲ ಅಂತ. ಮೇದಪ್ಪಣ್ಣ ಭಾವಮೈದನಿಗೆ ಫೋನು ಮಾಡಿ ಬರುವುದು ಬೇಡ ಅಂದರು. ಕೆಲಸ ನಿನಗೇ ಬೆಳ್ಯಪ್ಪ, ಇವತ್ತು ಮಾಡಿದ ಹಾಗೆಯೇ ದಿನಾ ಮಾಡು ಅಂತ ಬೆನ್ನು ತಟ್ಟಿದರು.

ಬೆಳ್ಯಪ್ಪ ಹೂಂ ಅಂದ. ಸಂತೋಷದಲ್ಲಿ ಯಾರೂ ಹೆದರಲಿಲ್ಲ.

ಎರಡು ದಿನ ಬಿಟ್ಟು ನೀರು ಇಳಿಯಿತು. ಆಕಾಶದಲ್ಲಿ ಒಂದು ಚೂರು ಮೋಡ ಇಲ್ಲ. ಹೊಸ ತಂಡದವರು ಟವೆಲು ಉಟ್ಟು ನೀರಿಗೆ ಪಾದ ಇಟ್ಟರಷ್ಟೆ, ಬೆಳ್ಯಪ್ಪ ಬ್ಯಾಗು ಎತ್ತಿಕೊಂಡು ಓಟ. ಟವೆಲು ಒಂದು ಕೈಯಲ್ಲಿ ಹಿಡಿದುಕೊಂಡು ಅವರು ಹಿಂದೆ ಹಿಂದೆ. ಪೂವಕ್ಕ ಈ ಸಲ ಸೌದೆ ಎತ್ತಲಿಲ್ಲ, ಬಾಗಿಲಿಗೆ ಒರಗಿ ನಿಂತಳು. ಬೆಳ್ಯಪ್ಪ ಏದುಸಿರು ಬಿಡುತ್ತ ಧಣಿಯ ಕಿವಿಗೆ ಬಾಯಿಟ್ಟ.

"ಮೇದಪ್ಪಣ್ಣ, ನೀರು ತಿಳಿಯಾಗಿ ಉಂಟು."

ಮೇದಪ್ಪಣ್ಣ ಬಯ್ಯಲಿಕ್ಕೆ ಬಾಯಿ ತೆರೆದರು, ಮುಚ್ಚಿದರು. ಹೇಗೆ ಬಯ್ಯುವುದು? ನೀರು ಬಂದಿದ್ದರೆ? ತಾವೇ ಅಬ್ಬಿಯವರೆಗೆ ಹೋಗಿ ನೋಡಿ ಬಂದರು. ಆಮೇಲೆ ಅವನನ್ನು ಎದುರು ಕೂರಿಸಿ, ದಿನಾ ಓಡಬೇಡ ಮಾರಾಯ, ನೀರು ಕೆಂಪಾಗಿ ಮೇಲೆ ಎಲೆ ಕಸ ತೇಲುವುದು ಕಂಡರೆ ಮಾತ್ರ ಓಡು, ನನ್ನನ್ನು ಹುಡುಕಬೇಡ, ಬ್ಯಾಗು ಹಿಡಿದು ಗುಡ್ಡದ ತಲೆಗೆ ಓಡು ಅಂತ ಬಿಡಿಸಿ ಹೇಳಿದರು. ಬೆಳ್ಯಪ್ಪ ಹೂಂ ಅಂದ.

ಅದು ನಿನ್ನೆ ಸಂಜೆಯ ಮಾತು.

ಅಗೋ, ನೀರು ಕುದಿಯಿತು. ಪೂವಕ್ಕ ಚಾ ಸೊಪ್ಪು ಹಾಕ್ತಿದ್ದಾಳೆ. ಹೋದ ವಾರ ಬಂದ ನೆಂಟರು ಕೊಟ್ಟ ಎಲೆ ಚಾ, ಒಳ್ಳೆ ಬಣ್ಣ ಬಿಡ್ತದೆ. ನೋಡಿ, ಕೆಂಪಾಯಿತು. ಆ ನೀಲಿ ಅಂಗಿಯವನಿಗೂ ಒಂದು ಲೋಟ ಕೊಡು ಪೂವಕ್ಕ, ಅವನೂ ಪಾತ್ರೆಗೆ ಬಗ್ಗಿ ನೋಡ್ತಾ ನಿಂತಿದ್ದಾನೆ.

ಅಯ್ಯೋ ದೇವರೇ. ಬೆಳ್ಯಪ್ಪಾ, ನಿಲ್ಲು ಮಾರಾಯ, ಅದು ಚಾ.

ಹೋದ. ಗುಡ್ಡಕ್ಕೇ ಹೋದ, ನಿಮ್ಮ ಬ್ಯಾಗುಗಳ ಸಮೇತ. ಹೌದು, ಅವನೇ ನಿಮ್ಮ ಗೈಡು. ಕಳ್ಳ ಅಂತ ಕೂಗಬೇಡಿ, ಅವನ ಅವ್ವನಿಗೆ ಬೇಜಾರಾಗುತ್ತದೆ. ಸುಮ್ಮನೆ ಅವನ ಹಿಂದೆ ಓಡಿ. ಪೂವಕ್ಕನನ್ನು ನೋಡಿ, ಒಮ್ಮೆ ಪಾತ್ರೆಯೊಳಗೆ ನೋಡಿದಳು, ಒಮ್ಮೆ ಅಬ್ಬಿಯ ಕಡೆ ನೋಡಿದಳು, ಈಗ ಒಲೆ ಬಿಟ್ಟು ಸೀರೆ ಎತ್ತಿ ಕಟ್ಟಿ ಅವಳೂ ಹೊರಟಳು. ನಾನಾ? ಅದು ಚಾ ಅಂತ ನನಗೂ ಗೊತ್ತುಂಟು. ಆದರೂ ನಾನು ಓಡ್ತೇನೆ, ನೀವೂ ಓಡಿ, ಚಾ ಮೇಲಿಂದ ಬಂದು ಕುಡಿಯುವ.