ತಂಪು ಹಾಸಿಗೆ ಆರಿಸಿದ ಅಣ್ಣ

ರಾಯಚೂರಿನ ನಾಗವೇಣಿಗೆ ಹಿಮದ ಬೆಟ್ಟವೊಂದರ ತುದಿ ಮುಟ್ಟಬೇಕೆಂಬ ಹುಚ್ಚು ಹಿಡಿದು ವರ್ಷಗಳೇ ಆಗಿದ್ದವು. ಬೆನ್ನಿನ ಚೀಲಕ್ಕೆ ಕಲ್ಲು ತುಂಬಿಕೊಂಡು ದಿನಾ ಊರಿನ ಕೋಟೆ ಬೆಟ್ಟ ಹತ್ತಿ ಇಳಿಯುತ್ತಿದ್ದಳು. ಕಡೆಗೂ ಅಪ್ಪ ಒಪ್ಪಿದರು. ಆದರೆ ಒಂದು ಷರತ್ತು ಹಾಕಿದರು.

"ಅಣ್ಣನ ಜೋಡಿ ಆದ್ರ ಹೋಗು. ಒಬ್ಬಾಕಿನ್ನ ಕಳಿಸಂಗಿಲ್ಲ."

ಹೀಗೆ ಅಣ್ಣ ಅಮರೇಗೌಡನಿಗೆ ಕಾವಲುಗಾರನ ಪಟ್ಟ ಸಿಕ್ಕಿತು. ಅವನು ಹಿಮವನ್ನು ಕಂಡವನೇ ಅಲ್ಲ. ಆದರೂ ಪಟ್ಟ ಸಿಕ್ಕಿದ್ದೇ ತಡ, ಎಲ್ಲ ತನಗೇ ಗೊತ್ತು ಎಂಬ ಗತ್ತು ಬಂದುಬಿಟ್ಟಿತು.

ಹಿಮದ ಮೇಲೆ ಗುಡಾರದಲ್ಲಿ ಮಲಗಲು ಎರಡು ಬಗೆಯ ಹಾಸಿಗೆ ತರಿಸಿದರು. ಒಂದು ಗಾಳಿ ತುಂಬುವಂಥದ್ದು. ಮೆತ್ತಗೆ, ನೋಡಲೂ ಚೆಂದ. ಇನ್ನೊಂದರ ಒಳಗೆ ಚಳಿ ತಡೆಯುವ ಪದರಗಳಿದ್ದವು. ಅದು ಗಟ್ಟಿ, ಬಣ್ಣವೂ ಮಂಕು. ನಾಗವೇಣಿ ಕಬ್ಬಿನಹಾಲಿನ ಅಂಗಡಿಯಿಂದ ಐಸ್ ಗಡ್ಡೆ ತಂದು ಒಡೆದು ನೆಲಕ್ಕೆ ಹರಡಿ, ಅದರ ಮೇಲೆ ಎರಡನ್ನೂ ಹಾಸಿದಳು.

ಹೊರಗೆ ಬೇಸಿಗೆಯ ಬಿಸಿಲು ಕುದಿಯುತ್ತಿತ್ತು. ಗಾಳಿ ಹಾಸಿಗೆಯ ಮೇಲೆ ಮೈಚಾಚಿದ ಅಮರೇಗೌಡನಿಗೆ ಸ್ವಲ್ಪ ಹೊತ್ತಿನಲ್ಲೇ ಬೆನ್ನು ತಣ್ಣಗಾಯಿತು.

"ಆಹಾ, ಎಸಿ ಹಾಕಿದಂಗ ಐತಿ! ನನಗ ಇದ ಬೇಕು."

"ಯಣ್ಣಾ, ಆ ತಂಪು ಎಲ್ಲಿಂದ ಬರಾಕತ್ತೈತಿ ಅನ್ನೋದು ನೋಡು. ನಾ ಮಲಗಿದ ಈ ಗಟ್ಟಿ ಹಾಸಿಗ್ಯಾಗ ಏನೂ ಗೊತ್ತಾಗವಲ್ದು."

"ಅದರಾಗ ಬೆವರು ಬರ್ತಾವು. ಇಂಥಾ ಕುದ್ಯಾಗ ಯಾರು ಹಾಸ್ಕೋತಾರ ಅದನ್ನ?"

"ನಾವು ಹೋಗೋದು ಹಿಮಕ್ಕ, ಕುದಿಗಲ್ಲ."

"ಮ್ಯಾಲೆ ಚಲೋತ್ನಾಗ ಹೊದ್ಕೊಂಡ್ರ ಆತು ಬಿಡವ."

ಅಲ್ಲಿಗೆ ಮಾತು ಮುಗಿಯಿತು. ಅವಳು ಗಟ್ಟಿ ಹಾಸಿಗೆ ಇಟ್ಟುಕೊಂಡಳು, ಅವನು ತಂಪು ಹಾಸಿಗೆ ಇಟ್ಟುಕೊಂಡ.

ಕೆಲವು ವಾರಗಳ ನಂತರ ಅಣ್ಣ, ತಂಗಿ ಮತ್ತು ಒಬ್ಬ ಗೈಡ್ ಹಿಮದ ನಡುವೆ ಗುಡಾರ ಹಾಕಿದರು. ಬೆಳಗಾಗುವ ಮೊದಲೇ ಎದ್ದು ತುದಿಗೆ ಹೊರಡಬೇಕು. ನಾಗವೇಣಿ ಬೂಟುಗಳನ್ನು ತಲೆಯ ಹತ್ತಿರವೇ ಇಟ್ಟುಕೊಂಡು ಮಲಗಿದಳು.

ಅಮರೇಗೌಡ ಇದ್ದಬದ್ದ ಬಟ್ಟೆಯನ್ನೆಲ್ಲ ತೊಟ್ಟು, ಮಲಗುವ ಚೀಲದೊಳಗೆ ಹೊಕ್ಕು, ಅದರ ಮೇಲೆ ಕಂಬಳಿ ಹೊದ್ದಿದ್ದ. ಆದರೂ ಚಳಿ ಬಂತು. ಅದು ಮೇಲಿನಿಂದ ಬರಲಿಲ್ಲ, ಕೆಳಗಿನಿಂದ ಬಂತು. ಮೊದಲು ಬೆನ್ನು, ಆಮೇಲೆ ಸೊಂಟ, ಆಮೇಲೆ ತೊಡೆ ಮರಗಟ್ಟಿದವು. ಮಗ್ಗಲು ಬದಲಿಸಿದರೆ ಆ ಮಗ್ಗಲೂ ಮರಗಟ್ಟುತ್ತಿತ್ತು. ಹಲ್ಲು ಕಟಕಟ ಎನ್ನತೊಡಗಿತು. ತಂಗಿಗೆ ಕೇಳಿಸದಿರಲೆಂದು ಕಂಬಳಿಯ ಅಂಚನ್ನು ಕಚ್ಚಿಕೊಂಡ. ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ ಹೇಳಿದರೆ ಅವಳ ಮಾತು ಗೆದ್ದಂತಾಗುತ್ತದಲ್ಲ! ಬೆಳಗಿನವರೆಗೆ ಹೇಗಾದರೂ ತಡೆದರಾಯಿತು ಎಂದುಕೊಂಡ.

ಸ್ವಲ್ಪ ಹೊತ್ತಿಗೆ ನಡುಕ ತಾನಾಗಿಯೇ ಕಡಿಮೆಯಾಯಿತು. ಚಳಿ ಹೋಯಿತೆಂದು ಸಮಾಧಾನಪಟ್ಟ. ಎದ್ದು ನೀರು ಕುಡಿಯೋಣವೆಂದು ಚೀಲದ ಜಿಪ್ ಹಿಡಿಯಲು ಹೋದ, ಬೆರಳುಗಳು ಮಾತು ಕೇಳಲಿಲ್ಲ. ಆಗ ಅವನಿಗೆ ನಿಜವಾಗಿ ಭಯವಾಯಿತು. ತಂಗಿಯನ್ನು ಕೂಗಬೇಕೆಂದರೆ ನಾಲಿಗೆಯೂ ಹೊರಳಲಿಲ್ಲ.

"ವೇ... ವೇಣೀ..."

ಕುಡಿದವನ ತೊದಲಿನಂತಿದ್ದ ಆ ದನಿಗೆ ನಾಗವೇಣಿ ದಡಕ್ಕನೆ ಎದ್ದಳು. ಅಣ್ಣನ ಬೆನ್ನಿನಡಿ ಕೈ ಹಾಕಿದರೆ ಹಾಸಿಗೆ ಹಿಮದಷ್ಟೇ ಕೊರೆಯುತ್ತಿತ್ತು; ಕೂಡಲೇ ಗೈಡ್‌ನನ್ನು ಕೂಗಿದಳು. ಅಣ್ಣನನ್ನು ತನ್ನ ಹಾಸಿಗೆಗೆ ಎಳೆದು ಕೂರಿಸಿ, ಅವನ ಬೆನ್ನಿಗೆ ತನ್ನ ಬೆನ್ನು ಒತ್ತಿ ಕೂತಳು. ಗೈಡ್ ಬಿಸಿನೀರು ಕಾಸಿ ಗುಟುಕು ಗುಟುಕಾಗಿ ಕುಡಿಸಿದ.

"ಮಲಗಬ್ಯಾಡ ಯಣ್ಣಾ, ಮಾತಾಡ್ಕೋತ ಇರು. ನಮ್ಮ ಓಣಿ ಮನಿಗಳ ಹೆಸರು ಹೇಳು."

ಅಮರೇಗೌಡ ತೊದಲುತ್ತ ಒಂದೊಂದೇ ಮನೆಯ ಹೆಸರು ಹೇಳಿದ. ತಪ್ಪಿದಾಗಲೆಲ್ಲ ಅವಳು ಬೈದು ಮತ್ತೆ ಹೇಳಿಸಿದಳು. ಓಣಿಯ ಕೊನೆಯ ಮನೆ ಸರಿಯಾಗಿ ಬರುವ ಹೊತ್ತಿಗೆ ಬೆಳಕು ಹರಿದಿತ್ತು.

ಅವನು ಉಳಿದ. ಆದರೆ ಗೈಡ್ ತುದಿಯ ಕಡೆ ನೋಡಿ ತಲೆ ಅಲ್ಲಾಡಿಸಿದ. ಇಂಥವನನ್ನು ಒಂಟಿಯಾಗಿ ಬಿಡುವ ಹಾಗಿಲ್ಲ, ಎಲ್ಲರೂ ಈಗಲೇ ಕೆಳಗಿಳಿಯಬೇಕು ಎಂದ.

ನಾಗವೇಣಿ ಎಳೆಬಿಸಿಲಿಗೆ ಹೊಳೆಯುತ್ತಿದ್ದ ತುದಿಯನ್ನು ಒಂದು ಸಲ ನೋಡಿದಳು. ಆಮೇಲೆ ಅಣ್ಣನ ಚೀಲವನ್ನೂ ತಾನೇ ಹೊತ್ತು ಇಳಿಯತೊಡಗಿದಳು. ಹಿಂದೆ ನಡೆಯುತ್ತಿದ್ದ ಅಮರೇಗೌಡನಿಗೆ ಅವಳು ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿ ಕಣ್ಣು ತುಂಬಿತು.

ಮನೆಗೆ ಬಂದವನೇ ಅಪ್ಪನ ಮುಂದೆ ನಿಂತ. ಗತ್ತೆಲ್ಲ ಬೆಟ್ಟದಲ್ಲೇ ಉಳಿದಿತ್ತು.

"ಅಪ್ಪಾ, ತಪ್ಪು ಪೂರಾ ನಂದು. ಆಕಿ ಹೇಳಿದ್ದು ನಾ ಕೇಳಲಿಲ್ಲ. ಚಳಿ ಹತ್ತಿದಾಗೂ ಬಾಯಿ ಬಿಡಲಿಲ್ಲ. ಆಕಿ ಇರದಿದ್ರ ನಾ ಇರ್ತಿರಲಿಲ್ಲ. ಆಕಿನ್ನ ಮತ್ತೊಂದು ಸಲ ಕಳಿಸ್ರಿ."

ಅಪ್ಪ ಒಮ್ಮೆ ಮಗಳ ಮುಖ ನೋಡಿದರು, ಒಮ್ಮೆ ಮಗನ ಮುಖ ನೋಡಿದರು.

"ಕಳಿಸ್ತೀನಿ," ಎಂದರು. "ಆದ್ರ ಒಂದು ಷರತ್ತು. ಈ ಸಲ ಆಕಿ ಜೋಡಿ ನೀ ಹೋಗಬ್ಯಾಡ."

ನೀತಿ: ಯಾವುದನ್ನೇ ಆಗಲಿ, ಕೊಳ್ಳುವ ಗಳಿಗೆಯ ಹಿತ ನೋಡಿ ಆರಿಸಬೇಡಿ, ಅದು ಬೇಕಾಗುವ ಜಾಗವನ್ನು ನೆನೆದು ಆರಿಸಿ. ಆರಿಸಿದ್ದು ತಪ್ಪೆಂದು ತಿಳಿದ ಕೂಡಲೇ ಬಾಯಿಬಿಟ್ಟು ಹೇಳಿ. ಮುಚ್ಚಿಟ್ಟ ತಪ್ಪಿಗೆ ದಂಡ ತೆರುವವರು ನೀವೊಬ್ಬರೇ ಅಲ್ಲ, ನಿಮ್ಮನ್ನು ನಂಬಿ ಜೊತೆಗೆ ಬಂದವರೂ ತೆರುತ್ತಾರೆ.