ಹಾಲವ್ವನ ಗಂಡನ ದನಿ ನುಂಗಿದ ಡಬ್ಬ

ಮೊದಲು ಒಂದು ಒಗಟು. ಹಾಕಿದವನಿಗೆ ಕೆಮ್ಮು, ತೆಗೆದವನಿಗೆ ತೇಗು, ನಡುವೆ ಕೂತದ್ದಕ್ಕೆ ಇನ್ಯಾರದೋ ಗಂಟಲು. ಏನದು, ಹೇಳಿ?

ಹುಣಸೆಹಣ್ಣಾ? ಅಲ್ಲ. ಶಂಖವಾ? ಅಲ್ಲ. ನಿಮ್ಮಜ್ಜಿಯನ್ನು ಕರೆಸಿದರೂ ಬಿಡಿಸೋಕಾಗಲ್ಲ. ಸುಮ್ಮನೆ ಕತೆ ಕೇಳಿ.

ಒಂದಾನೊಂದು ಊರಿನಲ್ಲಿ, ಊರು ಅಂದರೆ ಅರ್ಧ ಊರು, ಇನ್ನರ್ಧ ಹೊಗೆಯಲ್ಲಿ ಕಾಣುತ್ತಲೇ ಇರಲಿಲ್ಲ, ಅಂಥ ಊರಿನಲ್ಲಿ ಸುಗಂಧಯ್ಯ ಅಂತ ಒಬ್ಬ ಅಂಗಡಿಯವನಿದ್ದ. ಅವನು ಮಾರುತ್ತಿದ್ದದ್ದು ವೇಪು. ಪೆನ್ನಿನಷ್ಟುದ್ದದ ಕಡ್ಡಿ. ಬೆಂಕಿ ಬೇಡ, ಬೂದಿ ಇಲ್ಲ. ಎಳೆದರೆ ಮಾವಿನಹಣ್ಣಿನ ಹೊಗೆ, ಬಿಟ್ಟರೆ ಮಲ್ಲಿಗೆ ಹೊಗೆ.

ಆ ಊರಿನ ರಾಜನಿಗೆ ಹೊಗೆಯಲ್ಲಿ ಉಂಗುರ ಬಿಡೋ ಹುಚ್ಚು. ಎಲ್ಲಾ ಬೆರಳಿಗೂ ಹೊಗೆಯುಂಗುರ ಹಾಕಿಕೊಂಡು ಕೈ ಅಲ್ಲಾಡಿಸದೆ ಕೂತಿರುತ್ತಿದ್ದ. ಅಲ್ಲಾಡಿಸಿದರೆ ಉಂಗುರ ಹೋಯ್ತಲ್ಲ! ಊಟವನ್ನೂ ಮಂತ್ರಿಯೇ ತಿನ್ನಿಸಬೇಕು. ರಾಜ ಎಳೆದ ಮೇಲೆ ಪ್ರಜೆಗಳು ಬಿಡ್ತಾರಾ? ಅವರೂ ಎಳೆದರು.

ಸುಗಂಧಯ್ಯನ ಹತ್ತಿರ ಒಂದು ದಿನವೂ ಚಿಲ್ಲರೆ ಇರುತ್ತಿರಲಿಲ್ಲ. ಕೇಳಿದರೆ ಪೆಪ್ಪರಮಿಂಟು ಕೊಡುತ್ತಿದ್ದ. "ಇದೂ ಚಿಲ್ಲರೇನೇ, ತಗೊಳ್ಳಿ" ಅನ್ನುತ್ತಿದ್ದ. ಜನ ಎಷ್ಟು ಅಂತ ತಿಂತಾರೆ? ಮನೆಮನೆಯಲ್ಲೂ ಪೆಪ್ಪರಮಿಂಟಿನ ಗಡಿಗೆ ತುಂಬಿ ಕೂತವು.

ಹೀಗಿರುವಾಗ ಊರು ಕೆಮ್ಮೋಕೆ ಶುರುಮಾಡಿತು. ಮೊದಲು ಜನ ಕೆಮ್ಮಿದರು. ಆಮೇಲೆ ಎಮ್ಮೆ ಕೆಮ್ಮಿತು. ಆಮೇಲೆ ಕೋಟೆ ಬಾಗಿಲು ತೆಗೆದರೆ ಕಿರ್ರ್ ಅನ್ನೋ ಬದಲು ಖೊಕ್ ಖೊಕ್ ಅಂತು. ಜನ ಅಂಗಡಿ ಮುಂದೆ ಬಂದು ನಿಂತರು.

"ಸಾವ್ಕಾರ್ರೇ, ಈ ಹೊಗೆ ಒಳ್ಳೇದಾ, ಕೆಟ್ಟದ್ದಾ?"

"ಎಂಥಾ ಪ್ರಶ್ನೆ!" ಅಂದ ಸುಗಂಧಯ್ಯ. ಕಣ್ಣಲ್ಲಿ ನೀರು ತಂದುಕೊಂಡ. "ನನಗೂ ಅದೇ ಚಿಂತೆ. ನಿದ್ದೆ ಇಲ್ಲ. ಸಂಶೋಧನೆ ಮಾಡಿಸೋಣ. ದುಡ್ಡು ನೀವು ಹಾಕಿ."

"ಮಾರೋನು ನೀನು. ನಾವ್ಯಾಕೆ ಹಾಕಬೇಕು?"

"ಕೆಮ್ಮು ಯಾರದು?"

ಜನ ಯೋಚನೆ ಮಾಡಿದರು. ಕೆಮ್ಮು ತಮ್ಮದೇ. ಹಾಗಾದರೆ ಸರಿ ಅಂದರು.

ನನಗೆ ಇಲ್ಲೇ ಮೈ ಉರಿಯೋದು. ಸರಿಯಂತೆ! ಇರಲಿ, ಮುಂದೆ ಕೇಳಿ.

ಗಲ್ಲಾದ ಮೇಲೆ ಒಂದು ತಗಡಿನ ಡಬ್ಬ ಬಂದು ಕೂತಿತು. 'ಹೊಗೆ ಸುರಕ್ಷತಾ ಸಂಶೋಧನೆಗೆ ದಾನ ಮಾಡಿ' ಅಂತ ಬರೆದಿತ್ತು. ಇನ್ನು ಮೇಲೆ ವೇಪು ಕೊಂಡವರ ಚಿಲ್ಲರೆ ಸೀದಾ ಡಬ್ಬಕ್ಕೆ. ಅಲ್ಲಿವರೆಗೆ ಹುಡುಕಿದರೂ ಸಿಗದ ಚಿಲ್ಲರೆ, ಡಬ್ಬಕ್ಕೆ ಅಂದಕೂಡಲೇ ಎಲ್ಲಿಂದ ಉದುರಿತೋ!

ಒಂದು ದಿನ ಡಂಗುರದ ಕೆಂಚಪ್ಪ ಬಂದ. ತಮಟೆ ಬಡಿದು ರಾಜನ ಸುದ್ದಿ ಸಾರೋನು ಅವನೇ. ಅವನು ಕೂಗಿದರೆ ಆಚೆ ಊರಿನ ಕೆರೆಯ ಕಪ್ಪೆಗಳೂ ಬಾಯಿ ಮುಚ್ಚುತ್ತಿದ್ದವು. ಹಾಲವ್ವ ಅವನನ್ನು ಮದುವೆಯಾಗಿದ್ದೇ ಆ ದನಿ ಕೇಳಿ. ಮುಖ ಆಮೇಲೆ ನೋಡಿದಳು, ಪರವಾಗಿಲ್ಲ ಅಂದಳು.

ಕೆಂಚಪ್ಪ ಅನಾನಸ್ ವೇಪು ಕೊಂಡ. ಸರಿಯಾಗಿ ದುಡ್ಡು ಕೊಟ್ಟ. ಚಿಲ್ಲರೆ ಉಳಿಯಲಿಲ್ಲ.

"ಡಬ್ಬಕ್ಕೆ ಏನೂ ಹಾಕದೇ ಹೋಗ್ತೀಯಾ ಕೆಂಚಪ್ಪಾ? ಹಿಂದೆ ಸಾಲು ನಿಂತಿದೆ. ಎಲ್ಲರೂ ನೋಡ್ತಿದ್ದಾರೆ."

ಕೆಂಚಪ್ಪನಿಗೆ ನಾಚಿಕೆಯಾಯ್ತು. "ನನ್ ಹತ್ರ ಕೆಮ್ಮು ಬಿಟ್ರೆ ಏನೂ ಇಲ್ರೀ."

"ಅದನ್ನೇ ಹಾಕಪ್ಪಾ. ದಾನದಲ್ಲಿ ಸಣ್ಣದು ದೊಡ್ಡದು ಉಂಟಾ?"

ಕೆಂಚಪ್ಪ ಬಗ್ಗಿ, ಡಬ್ಬದ ಸೀಳಿಗೆ ಬಾಯಿಟ್ಟು ಕೆಮ್ಮಿದ. ಕೆಮ್ಮಿನ ಹಿಂದೆಯೇ ಅವನ ದನಿಯೂ ಜಾರಿ ಒಳಗೆ ಬಿತ್ತು. ಟಣ್!

ಮನೆಗೆ ಬಂದವನು ಹೆಂಡತಿಯನ್ನು ಕರೆಯೋಕೆ ಬಾಯಿ ತೆಗೆದ. ಬರೀ ಅನಾನಸ್ ವಾಸನೆ ಬಂತು.

ಹಾಲವ್ವ ಅಂಗಡಿಗೆ ಓಡಿದಳು. ಬಾಗಿಲಲ್ಲೇ ನಿಂತುಬಿಟ್ಟಳು. ಡಬ್ಬ ಕೂಗುತ್ತಿತ್ತು. "ಕೇಳ್ರಪ್ಪೋ ಕೇಳ್ರಿ! ದಾನ ಮಾಡ್ರಪ್ಪೋ!"

"ಅಯ್ಯೋ, ಇದು ನಮ್ಮನೆಯವರ ದನಿ! ಕೊಡ್ರಿ ಇಲ್ಲಿ!"

"ದಾನ ಕೊಟ್ಟಿದ್ದು ವಾಪಸ್ ಇಲ್ಲ ತಾಯಿ," ಅಂದ ಸುಗಂಧಯ್ಯ. "ಸಂಶೋಧನೆ ಮುಗೀಲಿ, ಡಬ್ಬ ಒಡೆಯೋಣ."

ಹಾಲವ್ವ ಅರಮನೆಗೆ ಓಡಿದಳು. ರಾಜ ಕೈ ಅಲ್ಲಾಡಿಸದೆ, ಸಂಶೋಧನೆ ನಡೆಸುತ್ತಿದ್ದ ಪಂಡಿತನನ್ನು ಕರೆಸಿದ. ಮಾತುಮಾತಿಗೂ 'ನೋಡೋಣ' ಅನ್ನುತ್ತಿದ್ದನಾದ್ದರಿಂದ ಊರವರು ಅವನಿಗೆ ನೋಡೋಣ ಪಂಡಿತ ಅಂತಲೇ ಹೆಸರಿಟ್ಟಿದ್ದರು.

"ಸಂಶೋಧನೆ ಯಾವಾಗ ಮುಗಿಯುತ್ತೆ?" ಅಂದ ರಾಜ.

"ದಾನ ನಿಂತಾಗ, ಪ್ರಭು."

"ದಾನ ಯಾವಾಗ ನಿಲ್ಲುತ್ತೆ?"

"ಜನ ಹೊಗೆ ಕೊಳ್ಳೋದು ಬಿಟ್ಟಾಗ."

"ಯಾವಾಗ ಬಿಡ್ತಾರೆ?"

"ಹೊಗೆ ಕೆಟ್ಟದ್ದು ಅಂತ ಗೊತ್ತಾದಾಗ."

"ಅದು ಯಾವಾಗ ಗೊತ್ತಾಗುತ್ತೆ?"

"ಸಂಶೋಧನೆ ಮುಗಿದಾಗ. ನೋಡೋಣ."

ರಾಜನ ಮುಖ ಅರಳಿತು. "ಆಹಾ, ಎಷ್ಟು ದುಂಡಗಿದೆ! ಎಲ್ಲೂ ತುಂಡಾಗಲಿಲ್ಲ! ಇಷ್ಟು ಚೆಂದದ ಉಂಗುರ ನಾನೇ ಬಿಟ್ಟಿಲ್ಲ!" ಪಂಡಿತನಿಗೆ ಶಾಲು ಹೊದಿಸೋಕೆ ಮಂತ್ರಿಗೆ ಹೇಳಿದ. ಇನ್ನು ಮೇಲೆ ವೇಪು ಬಿಟ್ಟವರು ಸಂಶೋಧನೆಯ ಶತ್ರುಗಳು ಅಂತ ಆಜ್ಞೆಯನ್ನೂ ಮಾಡಿದ.

"ನಮ್ಮನೆಯವರ ದನಿ?" ಅಂದಳು ಹಾಲವ್ವ.

"ಉಂಗುರದ ನಡುವೆ ಭದ್ರವಾಗಿದೆಯಮ್ಮಾ. ಹೋಗಿ ಬಾ."

ಹಾಲವ್ವನ ತಲೆಯಿಂದ ಹೊಗೆ ಬಂತು. ಅದಕ್ಕೆ ಯಾವ ಹಣ್ಣಿನ ವಾಸನೆಯೂ ಇರಲಿಲ್ಲ.

ಮನೆಗೆ ಬಂದವಳಿಗೆ ಮೂಲೆಯ ಪೆಪ್ಪರಮಿಂಟಿನ ಗಡಿಗೆ ಕಾಣಿಸಿತು. ಅದನ್ನು ಸೊಂಟಕ್ಕೇರಿಸಿಕೊಂಡು ಬೀದಿಯಲ್ಲಿ ಹೊರಟಳು. "ಏಳ್ರೇ! ನಿಮ್ಮ ಗಡಿಗೆ ಎತ್ಕೊಂಡು ಬನ್ರೇ!" ಹೆಂಗಸರು ಬಂದರು, ಗಂಡಸರು ಬಂದರು, ಕೆಮ್ಮುತ್ತಾ ಎಮ್ಮೆಯೂ ಬಂತು. ಹಾಲವ್ವ ಅಂಗಡಿಗೆ ನುಗ್ಗಿ ಡಬ್ಬಕ್ಕೆ ಪೆಪ್ಪರಮಿಂಟು ಸುರಿದಳು.

"ಏಯ್! ಏನಿದು?" ಅಂದ ಸುಗಂಧಯ್ಯ.

"ಚಿಲ್ಲರೆ."

"ಇದು ಪೆಪ್ಪರಮಿಂಟು!"

"ಇದೂ ಚಿಲ್ಲರೇನೇ ಅಂತ ಕೊಟ್ಟೋರು ಯಾರ್ರೀ? ನಮಗೆ ಕೊಡುವಾಗ ಚಿಲ್ಲರೆ, ನಿಮಗೆ ಕೊಡುವಾಗ ಪೆಪ್ಪರಮಿಂಟಾ? ಸುಮ್ನೆ ಕೂತ್ಕೊಳ್ರಿ!"

ಸುರಿದರು, ಸುರಿದರು. ಎಷ್ಟು ಸುರಿದರೂ ಡಬ್ಬ ತುಂಬಲೊಲ್ಲದು. ಆದರೆ ಪೆಪ್ಪರಮಿಂಟು ಗಂಟಲಿಗೆ ಒಳ್ಳೇದು ನೋಡಿ. ಡಬ್ಬ ಒಮ್ಮೆ ಕ್ಯಾಕರಿಸಿತು. ಗಂಟಲು ಬಿಟ್ಟಿತು. ಊರೆಲ್ಲಾ ನಡುಗೋ ಹಾಗೆ ಕೆಂಚಪ್ಪನ ದನಿ ಎದ್ದಿತು.

"ಕೇಳ್ರಪ್ಪೋ ಕೇಳ್ರಿ! ಈ ಡಬ್ಬಕ್ಕೆ ತಳ ಇಲ್ರಪ್ಪೋ! ಹಾಕಿದ್ದೆಲ್ಲಾ ಗಲ್ಲಾಕ್ಕೆ ಬೀಳ್ತೈತಿ! ನಾನು ಅಂಚಿಗೆ ಜೋತುಬಿದ್ದು ನೋಡೀನಿ! ಪಂಡಿತ ಹುಡುಕ್ತಿರೋದು ಕೆಮ್ಮಿನ ಕಾರಣ ಅಲ್ರಪ್ಪೋ, ಮಾರೋಕೆ ಹೊಸಾ ಹಲಸಿನಹಣ್ಣಿನ ಹೊಗೆ!"

ಜನ ಸುಗಂಧಯ್ಯನನ್ನು ಹಿಡಿದರು. ರಾಜ ಸಿಟ್ಟಿನಲ್ಲಿ ಕೈ ಎತ್ತಿದ, ಉಂಗುರಗಳೆಲ್ಲಾ ಹಾರಿಹೋದವು, ಅವತ್ತು ತನ್ನ ಕೈಯಲ್ಲೇ ಊಟ ಮಾಡಿದ. ದನಿ ಡಬ್ಬದಿಂದ ನೆಗೆದು ಕೆಂಚಪ್ಪನ ಬಾಯಿಗೆ ಹೊಕ್ಕಿತು. ಅವನು ಮೊದಲು ಕೂಗಿದ್ದು "ಹಾಲವ್ವಾ!" ಅಂತ. ಅವರ ಕೆಮ್ಮು ಅವರಿಗೆ ವಾಸಿಯಾಯ್ತು, ನಮ್ಮ ಕೆಮ್ಮು ನಮಗೆ ಉಳಿಯಿತು. ನೀತಿ ಏನಪ್ಪಾ ಅಂದರೆ, ಪೆಪ್ಪರಮಿಂಟು ಬಿಸಾಡಬೇಡಿ.

ಏನು, ನಂಬಿಬಿಟ್ರಾ?

ಪೆಪ್ಪರಮಿಂಟು ಸುರಿಯೋ ತನಕ ಕತೆ ಇದ್ದದ್ದು ಹಾಗೇ. ಆಮೇಲಿನದೆಲ್ಲಾ ನಾನು ಕಟ್ಟಿದ್ದು. ಡಬ್ಬ ಕ್ಯಾಕರಿಸಲೇ ಇಲ್ಲ. "ದಾನಕ್ಕೆ ಧನ್ಯವಾದ" ಅಂತು, ಅಷ್ಟೇ. ಸುಗಂಧಯ್ಯ ಪೆಪ್ಪರಮಿಂಟು ಬಾಚಿಕೊಂಡು, ಒರೆಸಿ, ಮಾರನೇ ದಿನ ಅದನ್ನೇ ಚಿಲ್ಲರೆ ಅಂತ ಕೊಟ್ಟ.

ಹಾಲವ್ವ ಈಗಲೂ ಅಂಗಡಿಗೆ ಹೋಗ್ತಾಳೆ. ಗಂಡನ ದನಿ ಕೇಳಬೇಕಲ್ಲ. ಏನಾದರೂ ಕೊಂಡರೆ ಮಾತ್ರ ಡಬ್ಬ ಮಾತಾಡುತ್ತೆ. ಅದಕ್ಕೇ ಕೊಳ್ತಾಳೆ. ಈಗ ಅವಳೂ ಕೆಮ್ಮುತ್ತಾಳೆ. ಕೆಂಚಪ್ಪ ಹೊರಗೆ ಕಟ್ಟೆ ಮೇಲೆ ಕೂತಿರುತ್ತಾನೆ. ಒಳಗೆ ತನ್ನ ದನಿ "ದಾನ ಮಾಡ್ರಪ್ಪೋ" ಅಂದಾಗ, ಇಲ್ಲಿ ಸುಮ್ಮನೆ ತುಟಿ ಆಡಿಸ್ತಾನೆ.

ನನಗೆ ಸಿಟ್ಟು ಬಂತು. ಅದಕ್ಕೇ ಬೇರೆ ಕೊನೆ ಕಟ್ಟಿದೆ.